ಮೂವತ್ತೈದು ಮೀರಿರಬಾರದು

ಡಾಕ್ಟರ್ ಅಮರೇಶ ಬೆಲ್ಲದ ನೀರಿಗೆ ರವೆ ಬಿಟ್ಟು ಗಂಟಾಗದ ಹಾಗೆ ತಿರುವುವುದನ್ನು ನೋಡಿದರೆ ಯಾರೋ ಮದುವೆ ಮನೆಯ ಅಡುಗೆಯವನು ಅಂದುಕೊಳ್ಳಬೇಕು. ಅದು ಹಣ್ಣಿನ ನೊಣಗಳ ಊಟ. ವಿಶ್ವವಿದ್ಯಾನಿಲಯದ ಲ್ಯಾಬಿನಲ್ಲಿ ಬಾಟಲಿಗಳೊಳಗೆ ಆ ನೊಣಗಳನ್ನು ಸಾಕಿ, ಅವುಗಳ ಮೇಲೇ ಪಿಎಚ್.ಡಿ. ಮಾಡಿ, ಪದವಿ ಬಂದ ಮೇಲೂ ಸಂಬಳವಿಲ್ಲದೆ ಅಲ್ಲೇ ಬೇರುಬಿಟ್ಟಿದ್ದ ಮಹಾನುಭಾವ ಅವನು.

“ನೊಣಕ್ಕೆ ಕೇಸರಿಬಾತ್ ಮಾಡೋಕೆ ಡಾಕ್ಟರೇಟ್ ಬೇಕಿತ್ತೇನ್ರೀ?” ಎಂದು ಹೆಂಡತಿ ಪ್ರಭಾಮಣಿ ಕೇಳುತ್ತಿದ್ದಳು. ಬೋಗಾದಿಯ ಬಾಡಿಗೆ ಮನೆ ನಡೆಯುತ್ತಿದ್ದದ್ದು ಅವಳ ಮೇಷ್ಟರಿಕೆಯಿಂದ. ಮೊದಮೊದಲು ನಗುತ್ತ ಕೇಳುತ್ತಿದ್ದಳು. ಆಮೇಲೆ ನಗು ನಿಂತಿತು, ಪ್ರಶ್ನೆ ಉಳಿಯಿತು.

ಪಿಎಚ್.ಡಿ. ಆದವರಿಗೆ ಸಿಗುವ ಸಂಶೋಧಕನ ಕೆಲಸ ಒಂದು ಸಿಕ್ಕಿಬಿಟ್ಟರೆ ಸಾಕಿತ್ತು ಅವನಿಗೆ. ತೊಂಬತ್ತೈದರಲ್ಲಿ ಗೈಡ್ ಸದಾಶಿವಯ್ಯನವರು ಕರೆದು, “ದೆಹಲಿಗೆ ಒಂದು ಪ್ರಾಜೆಕ್ಟ್ ಬರಿ ಅಮರೇಶ. ಮಂಜೂರಾದ್ರೆ ಅದ್ರಲ್ಲಿ ಒಂದು ಪೋಸ್ಟ್ ಇರುತ್ತೆ. ಇಂಟರ್‌ವ್ಯೂ ಅಂತೂ ಮಾಡ್ಲೇಬೇಕು. ಆದ್ರೆ ನಿನ್ನ ಬಿಟ್ರೆ ಇನ್ಯಾರಿದಾರೆ?” ಅಂದರು.

ಇನ್ಯಾರು? ದೇವರಾಜು ಇದ್ದನಲ್ಲ! ಅದೇ ಲ್ಯಾಬಿನ ಸೀನಿಯರ್, ನೊಣಗಳ ವಿಷಯದಲ್ಲಿ ಎತ್ತಿದ ಕೈ. ಕೆಲಸ ಸಿಗದೆ ಟ್ಯುಟೋರಿಯಲ್ ಒಂದರಲ್ಲಿ ಪಾಠ ಹೇಳಿಕೊಂಡಿದ್ದ. ಅವನೇನಾದರೂ ಇಂಟರ್‌ವ್ಯೂಗೆ ಬಂದರೆ ತನ್ನ ಕಥೆ ಮುಗಿಯಿತು ಎಂದು ಅಮರೇಶನಿಗೆ ಹೆದರಿಕೆ. ಅಮರೇಶನಿಗೆ ಆಗ ಮೂವತ್ತೆರಡು, ದೇವರಾಜುವಿಗೆ ಮೂವತ್ತಾರು. ಪ್ರಾಜೆಕ್ಟ್ ಟೈಪ್ ಮಾಡಿಸುವಾಗ ಅಮರೇಶ ಆ ಪೋಸ್ಟಿನ ಅರ್ಹತೆಯ ಕೆಳಗೆ ಒಂದು ಸಾಲು ಸೇರಿಸಿಯೇಬಿಟ್ಟ: ವಯಸ್ಸು ಮೂವತ್ತೈದು ಮೀರಿರಬಾರದು.

“ಇದ್ಯಾಕಯ್ಯ?” ಎಂದರು ಸದಾಶಿವಯ್ಯನವರು.

“ಎಲ್ಲಾ ಕಡೆ ಹಾಕ್ತಾರೆ ಸಾರ್.”

ಅವರು ಸಹಿ ಹಾಕಿದರು.

ದೆಹಲಿಯವರಿಗೇನು ಅವಸರ? ಒಂದು ವರ್ಷ ಉಸಿರೇ ಇಲ್ಲ. ಆಮೇಲೆ ಅದು ತಿದ್ದಿ, ಇದು ತಿದ್ದಿ ಎಂದರು. ಇವನು ತಿದ್ದಿ ಕಳಿಸಿದ, ಕಾದ, ಮತ್ತೆ ತಿದ್ದಿದ. ಇನ್ನೇನು ಬಂದೇಬಿಡುತ್ತದೆ ಎಂಬ ನಂಬಿಕೆಯಲ್ಲಿ ಆ ಒಂದು ಸಾಲನ್ನು ಮಾತ್ರ ಮುಟ್ಟಲಿಲ್ಲ, ಪಾಪಿ! ಮಂಜೂರಾತಿ ಬಂದದ್ದು ತೊಂಬತ್ತೊಂಬತ್ತರ ಕೊನೆಯಲ್ಲಿ. ಅಷ್ಟರಲ್ಲಿ ಅವನಿಗೇ ಮೂವತ್ತಾರು ತುಂಬಿತ್ತು.

“ನನ್ ಕೈಲೇನಿದೆ ಹೇಳು? ನಾವೇ ಬರ್ಕೊಟ್ಟ ಷರತ್ತು. ಈಗ ಬದಲಾಯ್ಸೋಕೆ ಹೋದ್ರೆ ಪ್ರಾಜೆಕ್ಟೇ ಕೈತಪ್ಪುತ್ತೆ,” ಎಂದು ಸದಾಶಿವಯ್ಯನವರು ಮುಖ ಬೇರೆ ಕಡೆ ತಿರುಗಿಸಿದರು. ಕೆಲಸ ಧಾರವಾಡದಿಂದ ಬಂದ ಹುಡುಗಿಯೊಬ್ಬಳಿಗೆ ಸಿಕ್ಕಿತು. ಅವಳಿಗೆ ನೊಣದ ಊಟ ಮಾಡುವುದನ್ನು ಹೇಳಿಕೊಟ್ಟು ಅಮರೇಶ ಮನೆಗೆ ಬಂದು ಮಲಗಿದ.

ಆ ಭಾನುವಾರ ದೇವರಾಜು ಬೋಗಾದಿಯ ಮನೆ ಹುಡುಕಿಕೊಂಡು ಬಂದ.

“ಯಾವ ಪುಣ್ಯಾತ್ಮ ಹಾಕಿದ್ನೋ ಆ ವಯಸ್ಸಿನ ಷರತ್ತು! ನಮ್ಮಿಬ್ರ ಹೊಟ್ಟೆ ಮೇಲೂ ಹೊಡೆದ್ಬುಟ್ಟ ಕಣಯ್ಯ,” ಎಂದು ಕುರ್ಚಿ ಎಳೆದುಕೊಂಡ. “ಓಗ್ಲಿ ಬುಡು. ನಮ್ ಟ್ಯುಟೋರಿಯಲ್‌ನಲ್ಲಿ ಜಾಗ ಖಾಲಿ ಐತೆ. ನಿನ್ ಹೆಸ್ರು ಹೇಳ್ಬುಟ್ಟಿವ್ನಿ. ನಾಳೆಯಿಂದ ಬಾ.”

ಅಮರೇಶನಿಗೆ ನಾಚಿಕೆಯಿಂದ ಜೀವ ಹೋದಂತಾಯಿತು. ನಾನೇ ಕಣಣ್ಣ ಹಾಕಿದ್ದು ಎಂಬ ಮಾತು ಗಂಟಲವರೆಗೆ ಬಂತು. ಹೇಳಿದರೆ ಇದೂ ಹೋಗುತ್ತದೆ. ಕಾಫಿ ಹಿಡಿದು ನಿಂತಿದ್ದ ಪ್ರಭಾಮಣಿ ಅವನ ಬಾಯನ್ನೇ ನೋಡುತ್ತಿದ್ದಳು.

“ಬರ್ತೀನಿ ದೇವರಾಜಣ್ಣ,” ಅಂದ.

ಆಮೇಲೆ ವರ್ಷಗಟ್ಟಲೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಉಂಡರು. ಡಬ್ಬಿ ಬಿಚ್ಚಿದ ಕೂಡಲೇ ದೇವರಾಜು, “ತಿನ್ನಯ್ಯ, ಸೊರಗೋಗಿದೀಯ,” ಎಂದು ತನ್ನ ಪಾಲಿನಲ್ಲಿ ಅರ್ಧ ಇವನಿಗೆ ಹಾಕುತ್ತಿದ್ದ. ಇವನು ತಲೆ ತಗ್ಗಿಸಿಕೊಂಡು ತಿನ್ನುತ್ತಿದ್ದ.