ಮಗ್ಗ ನಿಲ್ಲಿಸಿ ಅಳೆದ ಸ್ಟೂಲು

ಬನಹಟ್ಟಿಯ ವಿದ್ಯುತ್ ಮಗ್ಗದ ಮನೆಗಳಿಗೆ ಯಾರಾದರೂ ಬಂದರೆ ಮೊದಲು ಮಗ್ಗ ಬಂದ್ ಮಾಡುತ್ತಾರೆ. ನೀರು, ಚಹಾ ಆಮೇಲೆ. ಆ ಸದ್ದಿನಲ್ಲಿ ಬಂದವರ ಮಾತು ಕೇಳುವುದಿಲ್ಲ, ಆದ್ದರಿಂದ ಅದು ಮರ್ಯಾದೆ. ಈ ಮರ್ಯಾದೆ ನೆನೆದರೆ ಈಗ ನನಗೆ ಮೈ ಉರಿಯುತ್ತದೆ.

ನನ್ನ ತಂಗಿ ಅಲ್ಲಿ ಕಂಡಿಕೆ ಸುತ್ತುತ್ತಾಳೆ, ಅಂದರೆ ಲಾಳಿಯೊಳಗೆ ಹಾಕುವ ನೂಲಿನ ಸುರುಳಿ. ತಗ್ಗು ಹಲಗೆಯ ಮೇಲೆ ಬಾಗಿ ಕೂತು ಅವಳ ಸೊಂಟ ಹೋಗಿದೆ. ಹೀಗೇ ಕೂತರೆ ಈ ಕೆಲಸ ಬಿಡಬೇಕಾಗುತ್ತದೆ ಎಂದು ಮುಧೋಳದ ಡಾಕ್ಟರು ಎಚ್ಚರಿಸಿದ್ದರು. ಕಂಡಿಕೆ ಸುತ್ತುವವರಿಗೆ ಸರಿಯಾದ ಆಸನ ಮಾಡಲು ವಿನ್ಯಾಸ ಕಾಲೇಜಿನವರು ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನಾನು. ಜಮಖಂಡಿಯಲ್ಲಿ ವಿಜ್ಞಾನ ಕಲಿಸಿದವನು. ಅಳತೆ ಮಾಡುವವರನ್ನು ಕಂಡರೆ ನನಗೆ ಗೌರವ.

ಮೊಣಕಾಲು, ಮೊಣಕೈ, ಬೆನ್ನಿನ ಬಾಗು ಎಲ್ಲ ಅಳೆದರು. ಒಮ್ಮೆಯೂ ಕ್ರಮ ತಪ್ಪಲಿಲ್ಲ. ಆದರೆ ಅವರ ಗಾಡಿ ಓಣಿಗೆ ಬಂದೊಡನೆ ಮಾಲಕ ಮಗ್ಗ ನಿಲ್ಲಿಸುತ್ತಿದ್ದ. ಕೊನೆಗೆ ಗಾಲಿಯಿರುವ ಸ್ಟೂಲು ಬಂತು. ಮಗ್ಗ ನಡೆದಾಗ ನೆಲ ಅದುರಿ ಅದು ಹಿಂದೆ ಸರಿಯುತ್ತಿತ್ತು. ತಂಗಿ ಕಂಡಿಕೆ ಯಂತ್ರದ ಕಾಲಿಗೆ ಪಾದ ಒತ್ತಿಕೊಂಡು ಅದನ್ನು ತಡೆಯುತ್ತಿದ್ದಳು. ನೋವು ಹೆಚ್ಚಾಯಿತು.

ಕೊನೆಯ ಪರೀಕ್ಷೆಯ ದಿನ ನಾನೂ ಹೋಗಿದ್ದೆ. ಮಗ್ಗಗಳು ನಿಂತಿದ್ದವು. ಹೇಗಿದೆ ಎಂದು ತಂಡದ ಹುಡುಗಿ ಕೇಳಿದಳು.

"ಛಲೋ ಐತ್ರಿ," ಎಂದಳು ತಂಗಿ.

ನಾನು ಅವಳನ್ನು ಪಕ್ಕಕ್ಕೆ ಕರೆದೆ. "ಏನ ಛಲೋ? ನಿನ್ನೆ ರಾತ್ರಿ ಅಳಾಕತ್ತಿದ್ದಿ."

"ಅಷ್ಟ ದೂರದಿಂದ ಬಂದಾರ ಅಣ್ಣಾ. ಮಾರಿಮ್ಯಾಲ ಹೆಂಗ ಅನ್ನಲಿ?"

ಮಗ್ಗ ಶುರು ಮಾಡಲು ಹೇಳಿದೆ. ತಂಡದ ಹಿರಿಯರು ಒಪ್ಪಲಿಲ್ಲ. ಎಲ್ಲ ಅಳತೆಗಳೂ ಒಂದೇ ಸ್ಥಿತಿಯಲ್ಲಿ ಆಗಬೇಕಂತೆ. ಈಗ ಬದಲಿಸಿದರೆ ಹಿಂದಿನದೆಲ್ಲ ವ್ಯರ್ಥವಂತೆ.

"ಈಗ ಏನ ವ್ಯರ್ಥ ಆಗಿಲ್ಲರಿ?" ಎಂದೆ. "ನಡಿಯೋ ಮಗ್ಗದ ಮುಂದ ಕೂಡಾಕಿ ಇಕಿ. ನಿಂತ ಮಗ್ಗ ಯಾರಿಗೆ ಬೇಕು?"

ಮಾಲಕ ನಕ್ಕ. "ಸಿಟ್ಯಾಕ ಸರ? ಒಂದ ದಿಂಬ ಹಾಕಿದ್ರ ಆತು. ಇಷ್ಟಕ್ಕ ಅಳತಿ ಯಾಕ ಬೇಕು?"

ಅವನ ಮೇಲೂ ಅಷ್ಟೇ ಸಿಟ್ಟು ಬಂತು. ಅಳತೆಯೇ ಬೇಡ ಅನ್ನುವವನು ಒಬ್ಬ, ಅಳತೆಯೇ ಸಾಕು ಅನ್ನುವವರು ಇನ್ನೊಬ್ಬರು. ಇವರ ನಡುವೆ ಸವೆಯುತ್ತಿರುವುದು ನನ್ನ ತಂಗಿಯ ಸೊಂಟ. ನಾನೇ ಹೋಗಿ ಸ್ವಿಚ್ ಹಾಕಿದೆ. ಸ್ಟೂಲು ಅಲುಗಿತು. ತಂಗಿಯ ಪಾದ ತಾನಾಗಿ ಯಂತ್ರದ ಕಾಲಿಗೆ ಹೋಯಿತು. ಹುಡುಗಿ ಅದನ್ನು ನೋಡಿ ನಟ್ಟು ಬಿಚ್ಚುವ ಪಾನಾ ತರಿಸಿ ಗಾಲಿಗಳನ್ನು ಬಿಚ್ಚಿಸಿದಳು.

"ಇನ್ನು ಇದು ನಮ್ಮ ವಿನ್ಯಾಸವಲ್ಲ, ಲೆಕ್ಕಕ್ಕೆ ಬರುವುದಿಲ್ಲ," ಎಂದರು ಹಿರಿಯರು. ಸ್ಟೂಲನ್ನು ಅಲ್ಲೇ ಬಿಟ್ಟು ಹೋದರು.

ಮುಂದಿನ ವಾರ ಮತ್ತೆ ಹೋದೆ. ನನ್ನನ್ನು ಕಂಡು ಮಾಲಕನ ಕೈ ಸ್ವಿಚ್ಚಿಗೆ ಹೋಯಿತು. "ಕೈ ತಗೀಲೇ," ಎಂದು ಗದರಿದೆ. ಬಾಗಿಲಲ್ಲೇ ನಿಂತು ತಂಗಿಯನ್ನು ನೋಡಿದೆ. ಎರಡೂ ಪಾದ ನೆಲದ ಮೇಲಿದ್ದವು. ಆದರೂ ಕೈ ಆಗಾಗ ಸೊಂಟಕ್ಕೆ ಹೋಗಿ ಬರುತ್ತಿತ್ತು. ಗಾಲಿ ತೆಗೆದ ಮೇಲೆ ಎತ್ತರ ಸರಿಯಿದೆಯೇ ಎಂದು ಯಾರೂ ಅಳೆದಿರಲಿಲ್ಲ.

ಅಲ್ಲಿಂದಲೇ ಹುಡುಗಿಗೆ ಫೋನ್ ಮಾಡಿದೆ. "ಟೇಪ್ ತಗೊಂಡ ಬರ್ರಿ," ಎಂದೆ. "ಬರಾಕತ್ತೇನಿ ಅಂತ ಯಾರಿಗೂ ಹೇಳಬ್ಯಾಡ್ರಿ, ಗಾಡಿ ಓಣಿ ಹೊರಗ ನಿಲ್ಲಸ್ರಿ."