ವಾರವೆಲ್ಲ ಶುಕ್ರವಾರ

ಖೌಲಾಳ ಹೆಸರು ಹಜ್ಜಾ ಸಬೀಹಾಳ ಕಿವಿಗೆ ಮೊದಲು ಬಿದ್ದದ್ದು ಒಂದು ಹೇಸರಗತ್ತೆಯ ಸುದ್ದಿಯ ಬಾಲ ಹಿಡಿದುಕೊಂಡು. ಅಮ್ಮಾನ್ ನಗರದ ಪೂರ್ವದ ಗುಡ್ಡ, ಮೆಟ್ಟಿಲೋಣಿಯ ಮೂರಂತಸ್ತಿನ ಮನೆ; ನಡುವಿನ ಅಂತಸ್ತಿನಲ್ಲಿ, ಹಜ್ ಯಾತ್ರೆ ಮಾಡಿ ಹಜ್ಜಾ ಎನಿಸಿಕೊಂಡ ಸಬೀಹಾ. ಮೇಲಿನ ಅಂತಸ್ತಿಗೆ ಹೊಸಬರು ಬರುತ್ತಾರೆಂದು ಸುದ್ದಿ ತಂದವನು ಕೆಳಮನೆಯ ನಿವೃತ್ತ ಗುಮಾಸ್ತ ಅಬೂ ರಸ್ಮಿ.

"ತರಕಾರಿ ಮಾರ್ಕೆಟ್ಟಿನ ಹಮಾಲಿ ದಿಯಾಬ್. ಹಟ ಹಿಡಿದ ಹೇಸರಗತ್ತೆಗೆ ಒಂದೇ ಗುದ್ದು ಗುದ್ದಿದ್ನಂತೆ, ಹಜ್ಜಾ. ಮಂಡಿ ಊರಿಬಿಡ್ತಂತೆ!"

"ಕತ್ತೆ ಕತೆ ಹಾಳಾಗ್ಲಿ. ಅವನಿಗೆ ಹೆಂಡ್ತಿ ಇದಾಳಾ?"

"ಇದಾಳಂತೆ. ಖೌಲಾ ಅಂತ."

"ದೇವರೇ, ಅವಳನ್ನ ಕಾಪಾಡಪ್ಪ" ಎಂದಳು ಹಜ್ಜಾ, ಇನ್ನೂ ಮುಖ ನೋಡದ ಹೆಣ್ಣಿಗಾಗಿ.

ಬಂದವಳು ಕಡ್ಡಿಯಂಥ ಹುಡುಗಿ. ಎಡಗೆನ್ನೆಯಲ್ಲಿ ಗುಳಿ, ಬಾಯಿ ತುಂಬ ನಗು. ಹಜ್ಜಾಳನ್ನು ಮೊದಲ ದಿನವೇ ಚಿಕ್ಕಮ್ಮ ಎಂದು ಕರೆದಳು. ದಿಯಾಬ್ ನಸುಕಿನಲ್ಲೇ ಗುಡ್ಡ ಇಳಿದು ಮಾರ್ಕೆಟ್ಟಿಗೆ ನಡೆಯುತ್ತಿದ್ದ, ದಿನವಿಡೀ ಆಲೂಗಡ್ಡೆ ಮೂಟೆ ಹೊರುತ್ತಿದ್ದ. ಮರಳಿ ಬಂದರೆ ರೊಟ್ಟಿ ತಿಂದು ಬಂಡೆಯ ಹಾಗೆ ಬೀಳುತ್ತಿದ್ದ. ಆರು ದಿನ ಮೇಲಿನ ಮನೆಯಿಂದ ಪಿಟ್ಟೆಂಬ ಸದ್ದಿಲ್ಲ. ಏಳನೆಯದು ಶುಕ್ರವಾರ, ಮಾರ್ಕೆಟ್ಟಿಗೆ ರಜೆ. ಶನಿವಾರ ಬೆಳಿಗ್ಗೆ ಖೌಲಾ ತಲೆವಸ್ತ್ರವನ್ನು ಹುಬ್ಬಿನ ತನಕ ಎಳೆದುಕೊಂಡು ಇಳಿದು ಬರುತ್ತಿದ್ದಳು.

"ಮತ್ತೆ ಬಾಗಿಲು ಬಡೀತಾ?"

"ಹೂಂ ಚಿಕ್ಕಮ್ಮ."

"ನಿಮ್ಮನೆ ಬಾಗಿಲು ಬಲು ಧರ್ಮಿಷ್ಠ. ಶುಕ್ರವಾರವೇ ನೋಡಿ ಬಡಿಯುತ್ತೆ."

ಒಡೆದ ತುಟಿ ಹಿಡಿದುಕೊಂಡೇ ಖೌಲಾ ನಕ್ಕಳು. "ಮೂಟೆ ಹೊತ್ತ ದಿನ ಅವನು ಕುರಿಮರಿ. ಆ ಕೈಗಳಿಗೆ ಕೆಲಸ ತಪ್ಪಬಾರದು, ಅಷ್ಟೇ."

ಆಮೇಲೆ ಜಗತ್ತನ್ನೇ ಮನೆಯೊಳಗೆ ಕೂಡಿಹಾಕಿದ ಆ ಕಾಯಿಲೆ ಬಂತು. ಒಂದು ಬೆಳಿಗ್ಗೆ ಊರಿಗೆ ಊರೇ ನಡುಗುವಂತೆ ಸೈರನ್ ಕೂಗಿತು. ಮಾರ್ಕೆಟ್ಟು ಮುಚ್ಚಿತು, ಬೀದಿಗೆ ಕಾಲಿಟ್ಟವರನ್ನು ಹಿಡಿದೊಯ್ದರು. ಸಕ್ಕರೆ ಕಾಯಿಲೆಯ ಅಬೂ ರಸ್ಮಿ ದಿನವೂ ಗುಡ್ಡ ಸುತ್ತುತ್ತಿದ್ದವನು ಈಗ ಊಟದ ಮೇಜು ಸುತ್ತತೊಡಗಿದ. "ಅದೇನು ಕಾಬಾ ಅಂದ್ಕೊಂಡ್ರಾ?" ಎಂದು ಅವನ ಹೆಂಡತಿ ರೇಗುವುದು ಮೆಟ್ಟಿಲಿಗೆಲ್ಲ ಕೇಳುತ್ತಿತ್ತು. ಹಜ್ಜಾಗೆ ನಗು ಬರಲಿಲ್ಲ. ಅವಳು ಬೆರಳು ಮಡಚಿ ಎಣಿಸುತ್ತಿದ್ದಳು: ಇವತ್ತು ಶುಕ್ರವಾರ, ನಾಳೆ ಶುಕ್ರವಾರ, ನಾಡಿದ್ದೂ ಶುಕ್ರವಾರ.

ಮೂರನೆಯ ದಿನಕ್ಕೆ ಮೇಲೆ ತಟ್ಟೆಗಳು ಒಡೆದವು. ನಾಲ್ಕನೆಯ ದಿನ ದಿಯಾಬ್ ಬಾಗಿಲನ್ನು ಒದ್ದು ಕೀಲು ಕಿತ್ತ. ಐದನೆಯ ದಿನ ಮೆಟ್ಟಿಲ ಮೇಲೆ ಹತ್ತಿ ಇಳಿದು, ಹತ್ತಿ ಇಳಿದು, ಕಟ್ಟಿದ ಗೂಳಿಯಂತೆ ಏದುಸಿರು ಬಿಡುತ್ತಿದ್ದ. "ಸ್ವಲ್ಪ ಮೆಲ್ಲಗಪ್ಪಾ, ಗೋಡೆ ಬಿದ್ದೀತು" ಎಂದ ಅಬೂ ರಸ್ಮಿಯ ಬಾಯಿಗೆ ಮುಷ್ಟಿ ಬಿತ್ತು. ಎರಡು ಹಲ್ಲು ರಕ್ತದ ಜೊತೆ ಮೆಟ್ಟಿಲಿಳಿದು ಹೋದವು. ಮೇಲೆ ನಿಂತ ಖೌಲಾಳ ಒಂದು ಕಣ್ಣು ಆಗಲೇ ಮುಚ್ಚಿಹೋಗಿತ್ತು.

ಹಜ್ಜಾ ಅವನ ತೋಳು ಹಿಡಿದಳು. "ಬಾರೋ ಇಲ್ಲಿ. ಬಡೀಬೇಕು ತಾನೇ ನಿನಗೆ? ಬಡಿ."

ತಾರಸಿಗೆ ಕರೆದೊಯ್ದು ತನ್ನ ಮದುವೆಯ ಹಾಸಿಗೆಗಳ ಹೊಲಿಗೆ ಬಿಚ್ಚಿದಳು. ಏಳು ಹಾಸಿಗೆಯ ಕುರಿಯುಣ್ಣೆ. ವಸಂತ ಬಂತೆಂದರೆ ಉಣ್ಣೆ ತೊಳೆದು, ಬಿಸಿಲಿಗೆ ಹರವಿ, ಕೋಲಿನಿಂದ ಬಡಿದು ಅರಳಿಸುವುದು ಹೆಂಗಸರ ಪಾಡು. ಗಂಡ ಸತ್ತ ಮೇಲೆ ಅವಳು ಅದನ್ನು ಬಿಟ್ಟೇಬಿಟ್ಟಿದ್ದಳು. ದಾಳಿಂಬೆ ಕೋಲನ್ನು ದಿಯಾಬನ ಕೈಗಿಟ್ಟಳು. ಅವನು ಬಡಿದ. ಬೆವರು ಇಳಿದು ನೆಲ ಒದ್ದೆಯಾಗುವ ತನಕ ಬಡಿದ. ಉಂಡು ಮಲಗಿದ.

ಮಾರನೆಯ ದಿನವೂ ಅಷ್ಟೇ. ತಾರಸಿಯಿಂದ ತಪ್, ತಪ್ ಎಂದು ಕೇಳುವಷ್ಟು ಹೊತ್ತು ಖೌಲಾ ಕ್ಷೇಮ. ಉಣ್ಣೆ ಮುಗಿದಾಗ ಹಜ್ಜಾ ಅರಳಿದ್ದನ್ನೇ ಕದ್ದು ತಂದು ನೀರಲ್ಲಿ ತುಳಿದು ಗಂಟು ಮಾಡಿ, ಒಣಗಿಸಿ, "ಪಕ್ಕದವರ ಮನೇದು ಕಣೋ, ಬಡಿ" ಎನ್ನುತ್ತಿದ್ದಳು. ಖೌಲಾಳ ಕಣ್ಣು ತೆರೆಯಿತು. "ಕುರಿಗಳೇ ನನ್ನ ಜೀವ ಉಳಿಸಿದ್ವು ಚಿಕ್ಕಮ್ಮ" ಎಂದು ಗುಳಿಗೆನ್ನೆಯಲ್ಲಿ ನಕ್ಕಳು.

ರಂಜಾನಿಗೆ ಎರಡು ದಿನ ಉಳಿದಿತ್ತು. ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಹಜ್ಜಾ ಅಡ್ಡಾಗಿದ್ದಳು. ತಾರಸಿಯ ಮೇಲೆ ತಪ್, ತಪ್. ಪಾಪ, ಬಡೀಲಿ ಎಂದುಕೊಂಡು ಮಗ್ಗುಲಾದಳು. ಆಗ ಕಣ್ಣು ಬಚ್ಚಲ ಕಡೆ ಹೋಯಿತು. ಉಣ್ಣೆಯೆಲ್ಲ ಅವಳ ಬಾನಿಯಲ್ಲಿ ನೆನೆದು ಬಿದ್ದಿತ್ತು.

ಹಾಗಾದರೆ ಬಡಿಯುತ್ತಿರುವುದು ಏನನ್ನು?

ಎಪ್ಪತ್ತನಾಲ್ಕರ ಕಾಲುಗಳು ಮೆಟ್ಟಿಲು ಹೇಗೆ ಹತ್ತಿದವೋ. ತಾರಸಿಯಲ್ಲಿ ಒಣಹಾಕಿದ ಬಟ್ಟೆಗಳ ಹಗ್ಗ ಹರಿದು ಬಿದ್ದಿತ್ತು. ಖೌಲಾ ಮುದುಡಿ ಮಲಗಿದ್ದಳು. ಕೂಗಲು ಬಾಯಿಲ್ಲ; ಬಾಯಿ ಒಡೆದುಹೋಗಿತ್ತು. ಕೋಲು ಮೇಲೇಳುತ್ತಿತ್ತು, ಬೀಳುತ್ತಿತ್ತು, ಪ್ರತಿ ಏಟಿಗೂ ಬಿಳಿ ಹಾಸಿನ ಮೇಲೆ ಕೆಂಪು ಸಿಡಿಯುತ್ತಿತ್ತು. ಹಜ್ಜಾ ತನ್ನ ತಲೆವಸ್ತ್ರ ಕಿತ್ತು ಇಬ್ಬರ ನಡುವೆ ಎಸೆದಳು. ಹಿರಿಯ ಹೆಂಗಸಿನ ತಲೆವಸ್ತ್ರ ನೆಲಕ್ಕೆ ಬಿದ್ದರೆ ಎಂಥ ಕೊಲೆಗಡುಕನೂ ಕೈ ತಡೆಯಬೇಕು. ಅವನ ಕೈ ತಡೆಯಲಿಲ್ಲ. ಅವಳು ಅಡ್ಡಲಾಗಿ ಬಿದ್ದಳು. ಕೋಲು ಅವಳ ಮುಂಗೈ ಮೇಲಿಳಿದು ಎಲುಬು ಲಟಕ್ಕೆಂದಿತು.

ಆ ಸದ್ದಿಗೆ ದಿಯಾಬ್ ನಿಂತ. ಅವಳ ಬರಿದಲೆಯ ಬಿಳಿಗೂದಲು ಕಂಡು ಮುಖ ತಿರುಗಿಸಿದ.

"ಉಣ್ಣೆ ಇರಲಿಲ್ಲ ಹಜ್ಜಾ" ಎಂದ. "ಬಂದು ನೋಡಿದೆ, ಉಣ್ಣೆ ಇರಲಿಲ್ಲ."

ಕೆಳಮನೆಯಲ್ಲಿ ಅಬೂ ರಸ್ಮಿ ಏಟುಗಳನ್ನು ಕೇಳುತ್ತಲೇ ಮೇಜು ಸುತ್ತುತ್ತಿದ್ದನಂತೆ. ಇಡೀ ಓಣಿ ಕೇಳಿತ್ತು. ಉಣ್ಣೆ ಅಂದುಕೊಂಡ್ವಿ ಎಂದರು ಎಲ್ಲರೂ. ಪೊಲೀಸರು ಬಂದು ದಿಯಾಬನನ್ನು ಕರೆದೊಯ್ದರು. ಅವನ ಕಡೆಯ ಹಿರಿಯರು ಫೋನ್ ಮಾಡಿ, "ಮೆಟ್ಟಿಲಿಂದ ಬಿದ್ದಳು ಅನ್ನಿ ಹಜ್ಜಾ, ನಿಮ್ಮ ಮಾತಿಗೆ ತೂಕ ಇದೆ" ಎಂದರು. "ತೂಕ ಇರೋದಕ್ಕೇ ಹಗುರವಾಗಿ ಆಡಲ್ಲ" ಎಂದು ಅವಳು ಪೊಲೀಸರಿಗೆ ಕಂಡದ್ದನ್ನೆಲ್ಲ ಹೇಳಿ, ಮುರಿಯದ ಕೈಯ ಹೆಬ್ಬೆಟ್ಟು ಒತ್ತಿದಳು. ಉಣ್ಣೆ ನೆನೆಹಾಕಿದ್ದು ತಾನೇ ಎಂಬುದನ್ನೂ ಬಿಡಲಿಲ್ಲ.

ಬೀದಿಗಳು ತೆರೆದ ವಾರ ಖೌಲಾಳ ಅಣ್ಣ ತವರೂರು ಕರಕ್‌ನಿಂದ ಕಾರು ತಂದ. ಅವಳ ಒಂದು ಕಿವಿ ಕೇಳುತ್ತಿರಲಿಲ್ಲ, ಗುಳಿಯಿದ್ದ ಕೆನ್ನೆಯಲ್ಲಿ ಈಗ ಹೊಲಿಗೆ. ಹಜ್ಜಾ ಇನ್ನೊಂದು ಕಿವಿಯ ಹತ್ತಿರ ಬಗ್ಗಿ, "ಆ ದಿನ ನಾನು ಉಣ್ಣೆ ನೆನೆಸಿಟ್ಟಿದ್ದೆ ಮಗಳೇ" ಎಂದಳು.

"ಗೊತ್ತು" ಎಂದಳು ಖೌಲಾ. ಮೂಲೆಯಲ್ಲಿದ್ದ, ಮತ್ತೆ ಒಣಗಿ ಮೋಡದ ಹಾಗೆ ಅರಳಿದ್ದ ಉಣ್ಣೆಯ ಚೀಲವನ್ನು ನೋಡಿದಳು.

"ಅದರಲ್ಲಿ ಒಂಚೂರು ನನಗೆ ಕೊಡ್ತೀರಾ ಚಿಕ್ಕಮ್ಮ? ಒಂದು ಹಾಸಿಗೆ ಹೊಲ್ಕೋತೀನಿ. ಒಬ್ಬಳು ಮಲಗೋವಷ್ಟು ಸಾಕು."