ಟ್ರಾಕ್ಟರ್ ಹಿಂದೆ ಇಪ್ಪತ್ತೇಳು ಕಿಲೋಮೀಟರ್

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ಟೇಪಕ್ಕ ಎನ್ನುತ್ತಿದ್ದರು. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವುದು ಅವಳ ಕಸುಬು. ಅವಳಿಗೆ ಹತ್ತೊಂಬತ್ತು ತುಂಬಿದ ವರ್ಷ ತಾಯಿ ತೀರಿಕೊಂಡು, ಹನ್ನೆರಡರ ತಮ್ಮ ಅವಳ ಪಾಲಿಗೆ ಬಂದ. ಅವನನ್ನು ಓದಿಸಿ, ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸಕ್ಕೆ ಸೇರಿಸುವ ಹೊತ್ತಿಗೆ ಅವಳ ಮದುವೆಯ ಮಾತೆತ್ತುವವರೇ ಇರಲಿಲ್ಲ. ತಮ್ಮನೂ ಅದೇಕೋ ಆ ಗೋಜಿಗೆ ಹೋಗಲಿಲ್ಲ. ಮುಂದೆ ಅಂಗಡಿ, ಒಳಗೆ ಎರಡು ಕೋಣೆ, ಹಿತ್ತಿಲಲ್ಲಿ ತಗಡಿನ ಶೆಡ್ಡು. ಹತ್ತಿರ ಹತ್ತಿರ ಐವತ್ತು ವರ್ಷ ಇಬ್ಬರೂ ಅಷ್ಟರಲ್ಲೇ ಕಳೆದರು.

ಆ ಶೆಡ್ಡಿನಲ್ಲಿದ್ದದ್ದು ಟ್ರಾಕ್ಟರ್. ಇಟ್ಟಿಗೆ ಗೂಡಿನವರು ಮೂಲೆಗೆ ಬಿಸಾಕಿದ್ದ, ಎಂಜಿನ್ ಸಂದಿಯಲ್ಲಿ ಗಿಡ ಎದ್ದಿದ್ದ ಮುದಿ ಯಂತ್ರವನ್ನು ಲಾರಿಗೆ ಹಾಕಿಸಿಕೊಂಡು ತಮ್ಮನೇ ತಂದಿದ್ದ. ಅದು ಅವರಿಬ್ಬರಿಗಿಂತ ಹಿರಿಯದು. ಒಂಬತ್ತು ವರ್ಷ ಅದರ ಜೊತೆ ಗುದ್ದಾಡಿದ. ಊಟದ ತಟ್ಟೆಯಲ್ಲಿ ಬೋಲ್ಟು ನೆನೆಹಾಕುತ್ತಾನೆ ಅಂತ ಅಕ್ಕ ರೇಗಿದ್ದೂ ಉಂಟು. ಕೊನೆಗೊಂದು ದಿನ ಅದು ಕೆಮ್ಮಿ, ಕರಿಹೊಗೆ ಉಗುಳಿ, ಜೀವ ತಳೆಯಿತು. ಅಂದಿನಿಂದ ಪ್ರತಿವರ್ಷ ಹಳೇ ಯಂತ್ರಗಳ ಪ್ರದರ್ಶನಕ್ಕೆ ಅದನ್ನು ಡಾಂಬರು ರಸ್ತೆಯ ಮೇಲೆಯೇ ಓಡಿಸಿಕೊಂಡು ಹೋಗುತ್ತಿದ್ದ. ಇಪ್ಪತ್ತೇಳು ಕಿಲೋಮೀಟರ್, ಎರಡು ಗಂಟೆ. ಅದಕ್ಕೆ ಹಿಂದಿನ ದೀಪವಿಲ್ಲ, ಕನ್ನಡಿಯಿಲ್ಲ. ದೀಪ ಮಿಣುಕಿಸುತ್ತ ಹಿಂದಿನಿಂದ ಯಾರಾದರೂ ಕಾವಲು ಬರಲೇಬೇಕಿತ್ತು. ಬೇರೆ ಯಾರಿದ್ದಾರೆ? ಟೇಪಕ್ಕ ಐವತ್ತೆರಡನೇ ವಯಸ್ಸಿನಲ್ಲಿ ಕಾರು ಕಲಿತಳು.

ಹದಿನಾರು ವರ್ಷ ಅವಳು ಆ ದಾರಿಯನ್ನು ಎರಡನೇ ಗೇರಿನಲ್ಲಿ, ಗಾಜು ಏರಿಸಿಕೊಂಡು, ತಮ್ಮನ ಬೆನ್ನು ನೋಡುತ್ತ ಸವೆಸಿದ್ದಳು. ಹಿಂದೆ ಸಾಲುಗಟ್ಟಿದವರು ಹಾರ್ನ್ ಹೊಡೆದು, ಪಕ್ಕದಲ್ಲಿ ನುಗ್ಗಿ ಹೋಗುವಾಗ ಬೈಯುವುದೆಲ್ಲ ಅವಳ ಪಾಲಿಗೆ. ಎಂಜಿನ್ ಸದ್ದಿನಲ್ಲಿ ತಮ್ಮನಿಗೆ ಏನೂ ಕೇಳಿಸುತ್ತಿರಲಿಲ್ಲ. ಅರ್ಧದಾರಿಯಲ್ಲಿ ರೈಲ್ವೆ ಸೇತುವೆಯ ಕೆಳಗೆ ನಿಲ್ಲಿಸಿ, ರೇಡಿಯೇಟರ್ ತಣಿಯುವವರೆಗೆ ಇಬ್ಬರೂ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು.

ಆ ವರ್ಷ ಹೊರಡುವ ಮುಂಚೆಯೇ ಅವಳಿಗೆ ಮನಸ್ಸು ನೆಟ್ಟಗಿರಲಿಲ್ಲ. ಕೆಲವು ತಿಂಗಳಿಂದ ತಮ್ಮ ಕೇಳಿದ್ದನ್ನೇ ಕೇಳುತ್ತಿದ್ದ. ಒಮ್ಮೆ ಚಪ್ಪಲಿಯನ್ನು ಇಸ್ತ್ರಿ ಬಟ್ಟೆಗಳ ನಡುವೆ ಇಟ್ಟಿದ್ದ. ವಯಸ್ಸಾಯಿತಲ್ಲ ಎಂದು ಸಮಾಧಾನ ಹೇಳಿಕೊಂಡರೂ, ಏಳು ವರ್ಷ ದೊಡ್ಡವಳಾದ ತನಗೆ ಹಾಗಾಗಿಲ್ಲವಲ್ಲ ಎಂಬುದು ಒಳಗೇ ಕೊರೆಯುತ್ತಿತ್ತು. ಮೊದಲು ಹೋಗುವವಳು ತಾನು, ಕೊನೆಗಾಲಕ್ಕೆ ತಮ್ಮ ಇದ್ದಾನೆ ಎಂದೇ ಅವಳು ಇಷ್ಟು ದಿನ ನಂಬಿ ಕೂತಿದ್ದಳು.

ಮೋಡ ಕವಿದ ಬೆಳಗು. ಊರು ದಾಟಿದ ಮೇಲೆ ತಮ್ಮ ತಿರುಗಿ ನೋಡಿ, ಮುಂದೆ ಹೋಗಿ ಎನ್ನುವಂತೆ ಕೈ ಬೀಸಿದ. ತಮಾಷೆಯಿರಬೇಕು ಅಂದುಕೊಂಡಳು. ಆದರೆ ಅವನು ತಮಾಷೆಯ ಆಸಾಮಿಯಲ್ಲ. ಸ್ವಲ್ಪ ದೂರ ಹೋಗಿ ಮತ್ತೆ ಬೀಸಿದ. ಸೇತುವೆ ಬಂತು, ನಿಲ್ಲಿಸಲಿಲ್ಲ. ಅವಳೇ ಹೊಲಿದ ಅಂಗಿ ಅವನ ಹೆಗಲ ಮೇಲೆ ಎರಡು ಬೆರಳು ಸಡಿಲವಾಗಿ ಹಾರಾಡುತ್ತಿತ್ತು. ಯಾವಾಗ ಇಷ್ಟು ಇಳಿದು ಹೋದ ಎಂದು ಅವಳು ಯೋಚಿಸುತ್ತಿರುವಾಗಲೇ ಟ್ರಾಕ್ಟರ್ ರಸ್ತೆಯಂಚಿಗೆ ಸರಿದು ನಿಂತಿತು. ಅವಳೂ ನಿಲ್ಲಿಸಿದಳು.

ತಮ್ಮ ಇಳಿದು ಬಂದು, ಟೋಪಿ ತೆಗೆದು, ಕಾರಿನ ಕಿಟಕಿಗೆ ಬಗ್ಗಿದ.

"ಆಗಲಿಂದ ನನ್ನ ಹಿಂದೇನೇ ಬರ್ತಿದ್ದೀರಿ ಮೇಡಂ. ಬೇಜಾರು ಮಾಡ್ಕೋಬೇಡಿ, ಹಳೇ ಗಾಡಿ, ಇದಕ್ಕಿಂತ ಜೋರಾಗಿ ಓಡಲ್ಲ. ಈಗ ರಸ್ತೆ ಖಾಲಿ ಇದೆ, ನೀವು ಹೋಗಿ."

ಅವನ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ. ಪರಸ್ಥಳದವರ ಹತ್ತಿರ ಆಡುವ ನಾಜೂಕು ಮಾತು ಅದು. ನಾನು ಕಣೋ ಎನ್ನಲು ಬಾಯಿ ತೆರೆದಳು. ಬಸ್ಸು ಲಾರಿ ಓಡಾಡುವ ರಸ್ತೆಯಲ್ಲಿ ಗಾಬರಿಯಾಗಿ ಅವನು ಎತ್ತಲಾದರೂ ಹೆಜ್ಜೆಯಿಟ್ಟರೆ ಎಂದು ಹೆದರಿ ಮಾತು ನುಂಗಿಕೊಂಡಳು.

"ನನಗೇನೂ ಅವಸರ ಇಲ್ಲ," ಎಂದಳು. "ನೀವು ಒಬ್ಬರೇ ಹೊರಟಿದ್ದೀರಾ?"

"ಇಲ್ಲ, ನಮ್ಮಕ್ಕ ಹಿಂದೆ ಬರ್ತಿದ್ದಾಳೆ. ಅವಳಿಗೆ ಕಾರು ಓಡಿಸೋದು ಅಂದ್ರೆ ಭಯ, ಎಲ್ಲೋ ಹಿಂದೆ ಉಳಿದ್ಲು ಅಂತ ಕಾಣುತ್ತೆ. ಅದಕ್ಕೇ ನಿಧಾನ ಹೋಗ್ತಿದ್ದೀನಿ."

ಅವಳಿಗೆ ಭಯವೆಂದು ಅವನಿಗೆ ಗೊತ್ತಿತ್ತು. ಹದಿನಾರು ವರ್ಷ ಅವಳು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಹಿಂದೆಯೇ ಬರುತ್ತೇನೆ, ನೀವು ನಡೆಯಿರಿ ಎಂದಳು. ಅವನು ತಲೆಯಾಡಿಸಿ ಹೋಗಿ ಸೀಟು ಹತ್ತಿದ. ಕೈಕಾಲಿಗೆ ಯಾವ ಮರೆವೂ ಇರಲಿಲ್ಲ. ಗೇರು ಸಲೀಸಾಗಿ ಬಿತ್ತು. ಉಳಿದ ಹನ್ನೊಂದು ಕಿಲೋಮೀಟರ್ ಅವಳು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು, ಕಣ್ಣೊರೆಸಿಕೊಳ್ಳಲೂ ಕೈ ಬಿಡದೆ, ಅವನ ಹಿಂದೆ ಹೋದಳು.

ಪ್ರದರ್ಶನದ ಮೈದಾನದಲ್ಲಿ ಅವನು ಟ್ರಾಕ್ಟರನ್ನು ಲಕ್ಷಣವಾಗಿ ಸಾಲಿನಲ್ಲಿ ನಿಲ್ಲಿಸಿದ. ಸುತ್ತ ಸೇರಿದವರಿಗೆ ಪೆಟ್ರೋಲಿನಲ್ಲಿ ಚಾಲು ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಬಗೆಯನ್ನು ಒಂದಕ್ಷರ ತಪ್ಪದೆ ವಿವರಿಸಿದ. ಪ್ರದರ್ಶನ ನಡೆಸುವ ಸಂಘದ ಕಾರ್ಯದರ್ಶಿ ಬ್ಯಾಟರಿ ರಿಪೇರಿ ಮಾಡುವವ, ತಮ್ಮನ ಹಳೇ ಸ್ನೇಹಿತ. ಟೇಪಕ್ಕ ಅವನನ್ನು ಬದಿಗೆ ಕರೆದು ನಡೆದದ್ದನ್ನು ಹೇಳಿದಳು. ಅವನು ನೆಲ ನೋಡಿದ. ಹೋದ ವರ್ಷವೇ, ಅವಳು ಪಕ್ಕದ ಕುರ್ಚಿಯಲ್ಲಿ ಕೂತಿರುವಾಗಲೇ, ಅಕ್ಕ ಬಂದ್ಲಾ ಅಂತ ತಮ್ಮ ಅವನ ಕಿವಿಯಲ್ಲಿ ಕೇಳಿದ್ದನಂತೆ. ನಿಮಗೆ ತಿಳಿದಿರುತ್ತೆ ಅಂದುಕೊಂಡೆ, ಎಂದ. ಅವಳಿಗೆ ಸಿಟ್ಟು ಉಕ್ಕಿತು. ಆದರೆ ತಾನೂ ಕಂಡೂ ಕಾಣದಂತೆ ಇದ್ದವಳೇ ಅಲ್ಲವೇ? ಗಾಡಿಯನ್ನು ಲಾರಿಯಲ್ಲಿ ಮನೆಗೆ ಸಾಗಿಸುವ ಕೆಲಸವನ್ನು ಅವನಿಗೇ ಒಪ್ಪಿಸಿದಳು.

ಮಧ್ಯಾಹ್ನ ತಮ್ಮ ಎಂದಿನಂತೆ ಬಂದು, "ಅಕ್ಕಾ, ಹಸಿವು," ಎಂದು ಪಕ್ಕದಲ್ಲಿ ಕೂತ. ಅವನು ಉಂಡು ಮುಗಿಸುವವರೆಗೆ ಕಾದಳು.

"ಇನ್ಮೇಲೆ ನೀನು ಓಡಿಸೋದು ಬೇಡ ಕಣೋ."

ಯಾಕೆ ಎಂದು ಕೇಳಿದ. ಅವಳು ಮುಚ್ಚಿಡದೆ ಹೇಳಿದಳು. ಅವನು ಊಟದ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಬಿಗಿ ಮಾಡಿದ.

"ನಿನ್ನನ್ನ ಏನಂತ ಕರೆದೆ?"

"ಮೇಡಂ ಅಂದೆ."

"ಮರ್ಯಾದೆಯಾಗೇ ಮಾತಾಡಿದ್ನಾ?"

"ನನ್ನ ಜೊತೆ ನೀನು ಯಾವತ್ತೂ ಅಷ್ಟು ಮರ್ಯಾದೆಯಾಗಿ ಮಾತಾಡಿದ್ದಿಲ್ಲ ಬಿಡು."

ಇಬ್ಬರಿಗೂ ನಗು ಬಂತು. ಅವನ ನಗು ನಡುವೆಯೇ ನಿಂತಿತು. ಎದ್ದು ಹೋಗಿ ಇಂಧನದ ನಲ್ಲಿಯನ್ನು ತಿರುಗಿಸಿ ಬಂದ್ ಮಾಡಿ, ಬಾನೆಟ್ಟಿನ ಮೇಲಿನ ದೂಳನ್ನು ಅಂಗೈಯಲ್ಲಿ ಒರೆಸಿ, ಕಾರಿನಲ್ಲಿ ಅವಳ ಪಕ್ಕ ಬಂದು ಕೂತ.

ಆಮೇಲೆ ಆಸ್ಪತ್ರೆ, ಸ್ಕ್ಯಾನಿಂಗು, ಮಾತ್ರೆಗಳು. ಮಾತ್ರೆಯಿಂದ ಸ್ವಲ್ಪ ನಿಧಾನವಾಗಬಹುದು, ಹೋದದ್ದು ವಾಪಸು ಬರುವುದಿಲ್ಲ ಎಂದರು ವೈದ್ಯರು. ಅವನ ಪ್ರತಿ ಅಂಗಿಯ ಕಾಲರಿನ ಒಳಗೆ ಅವಳು ಮನೆಯ ವಿಳಾಸವನ್ನು ದಾರದಲ್ಲಿ ಹೊಲಿದಳು. ತಾನು ಮೊದಲು ಹೋದರೆ ಇವನ ಗತಿಯೇನು ಎಂಬ ಯೋಚನೆ ಮಿಷನ್ ತುಳಿಯುವಾಗಲೂ ಬಿಡುತ್ತಿರಲಿಲ್ಲ.

ಮರುವರ್ಷ ಕಾರ್ಯದರ್ಶಿ ಫೋನ್ ಮಾಡಿ, ತನ್ನ ಅಳಿಯ ಟ್ರಾಕ್ಟರನ್ನು ಪ್ರದರ್ಶನಕ್ಕೆ ಓಡಿಸಿಕೊಂಡು ಹೋಗಬಹುದೇ ಎಂದು ಕೇಳಿದ. ಆಗಲಿ ಎಂದಳು. ತಾವಿಬ್ಬರೂ ಬರುವುದಿಲ್ಲ, ಶಾಲೆ ಶುರುವಾಗುವ ಹೊತ್ತು, ಕೈತುಂಬ ಕೆಲಸವಿದೆ ಎಂದು ಹೇಳಿ ಫೋನಿಟ್ಟಳು. ತಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತು ಸಣ್ಣ ಕತ್ತರಿಯಿಂದ ಯೂನಿಫಾರ್ಮ್‌ಗಳ ಉಳಿಕೆ ದಾರ ಕತ್ತರಿಸುತ್ತಿದ್ದ. ಯಾರ ಫೋನು ಎಂದು ಕೇಳಲಿಲ್ಲ. ದಾರದ ಜೊತೆಗೆ ಹದಿನಾಲ್ಕು ಅಂಗಿಗಳ ಗುಂಡಿಗಳನ್ನೂ ಕತ್ತರಿಸಿ ಒಪ್ಪವಾಗಿ ಗುಡ್ಡೆ ಮಾಡಿದ್ದ. ಅವಳು ಸಂಜೆ ಕೂತು ಒಂದೊಂದನ್ನೇ ಮತ್ತೆ ಹೊಲಿದಳು.